ಅಜ್ಜನ ಟ್ರಂಕಿನ ಪುಸ್ತಕವನ್ನು ಆನ್‌ಲೈನ್ ಭಂಡಾರಕ್ಕೆ ಸೇರಿಸುವುದು ಹೇಗೆ?

ಹಳೆಯ ಕನ್ನಡ ಪುಸ್ತಕ ಸ್ಕ್ಯಾನ್ ಮಾಡಿ ಹಾಕಿದ್ದೇವೆ ಎಂದು ತುಂಬಾ ಜನ ಹೇಳುತ್ತಾರೆ. ಹುಡುಕಿದರೆ ಸಿಗುವುದಿಲ್ಲ. ಕೊನೆಗೆ ಲಿಂಕ್ ಕೇಳಿ ತೆರೆದರೆ ಅದರ ಹೆಸರು ‘ಸ್ಕ್ಯಾನ್ 0012’. ಅಷ್ಟು ಶ್ರಮ ಹೀಗೆ ಹಾಳಾಗುವುದನ್ನು ನೋಡಿ ಬೇಜಾರಾಗಿ ಇದನ್ನು ಬರೆಯುತ್ತಿದ್ದೇನೆ.

1. ಜಾಗ ಆರಿಸಿ. ಒಂದೊಂದು ರೆಪಾಸಿಟರಿಯಲ್ಲಿ (ಆನ್‌ಲೈನ್ ಭಂಡಾರದಲ್ಲಿ) ಒಂದೊಂದು ಬಗೆಯ ಸಾಮಾನು. ಶೋಧಗಂಗಾದಲ್ಲಿ ಭಾರತದ ವಿಶ್ವವಿದ್ಯಾಲಯಗಳ ಪಿಎಚ್‌.ಡಿ. ಪ್ರಬಂಧಗಳಿವೆ. ಗಿಟ್‌ಹಬ್‌ನಲ್ಲಿ ಸಾಫ್ಟ್‌ವೇರ್ ಕೋಡ್, ಜೊತೆಗೆ ಅದರಲ್ಲಾದ ಬದಲಾವಣೆಗಳ ಇತಿಹಾಸ. ಝೆನೋಡೊ ಸಂಶೋಧನೆಯ ದತ್ತಾಂಶಕ್ಕೆ. 1996ರಲ್ಲಿ ಶುರುವಾದ ಇಂಟರ್ನೆಟ್ ಆರ್ಕೈವ್‌ನಲ್ಲಿ ಪುಸ್ತಕ, ಧ್ವನಿಮುದ್ರಣ, ಹಳೆಯ ವೆಬ್ ಪುಟಗಳು ಎಲ್ಲ ಉಂಟು. ಪುಸ್ತಕಕ್ಕಾದರೆ ನನ್ನ ಆಯ್ಕೆ ವಿಕಿಪೀಡಿಯದ ಬಳಗದ ಕಡತ ಭಂಡಾರವಾದ ವಿಕಿಮೀಡಿಯ ಕಾಮನ್ಸ್. ಅಲ್ಲಿಟ್ಟ ಪಿಡಿಎಫ್ ಅನ್ನು ಪುಸ್ತಕಗಳ ಪಠ್ಯ ಇಡುವ ಕನ್ನಡ ವಿಕಿಸೋರ್ಸ್‌ನಲ್ಲಿ ತೆರೆದು, ಪುಟ ಪುಟವಾಗಿ ಟೈಪ್ ಮಾಡಬಹುದು. ಸುಮ್ನೆ ಗೂಗಲ್ ಡ್ರೈವ್ ಲಿಂಕ್ ಹಂಚಬೇಡಿ. ನಿಮ್ಮ ಖಾತೆ ಮುಚ್ಚಿದ ದಿನ ಪುಸ್ತಕವೂ ಹೋಯಿತು.

2. ಹಕ್ಕು (ಕಾಪಿರೈಟ್) ಮುಗಿದಿದೆಯೇ ನೋಡಿ. ಭಾರತದಲ್ಲಿ ಲೇಖಕರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಎಣಿಸಿ. 1964ರಲ್ಲಿ ತೀರಿಕೊಂಡವರ ಕೃತಿ 2025ರ ಜನವರಿ 1ಕ್ಕೆ ಮುಕ್ತ. ಮುನ್ನುಡಿ ಬರೆದವರು, ಚಿತ್ರ ಬಿಡಿಸಿದವರು ಬೇರೆಯವರಾದರೆ ಅವರ ಲೆಕ್ಕ ಬೇರೆ.

3. ಸ್ಕ್ಯಾನ್ ಮಾಡಿ. 300 ಡಿಪಿಐಗಿಂತ (ಒಂದು ಇಂಚಿಗೆ ಎಷ್ಟು ಚುಕ್ಕಿ ಎಂಬ ಲೆಕ್ಕ) ಕಡಿಮೆ ಬೇಡ, ಬಣ್ಣದಲ್ಲೇ ಇರಲಿ. ಕಪ್ಪು-ಬಿಳುಪು ಮೋಡ್‌ನಲ್ಲಿ ‘ಷ’ದ ಒಳಗಿನ ಗೆರೆ, ‘ಧ’ದ ಕೆಳಗಿನ ಸೀಳು ಮಾಯವಾಗುತ್ತವೆ. ಪುಟದ ಮೂಲೆಯಲ್ಲಿ ತನ್ನ ಹೆಸರು ಅಚ್ಚೊತ್ತುವ ಉಚಿತ ಆ್ಯಪ್‌ಗಳನ್ನು ಮುಟ್ಟಲೇಬೇಡಿ.

4. ವಿವರ ತುಂಬಿ. ಎಲ್ಲರೂ ಎಡವುವುದು ಇಲ್ಲೇ. ಇದಕ್ಕೆಂದೇ ಅರ್ಧ ಗಂಟೆ ಇಟ್ಟುಕೊಳ್ಳಿ.

ಹೆಸರನ್ನು ರಟ್ಟು ನೋಡಿ ಬರೆಯಬೇಡಿ, ಒಳಗಿನ ಶೀರ್ಷಿಕೆ ಪುಟ ನೋಡಿ ಬರೆಯಿರಿ. ಹಳೆಯ ಪುಸ್ತಕಕ್ಕೆ ಯಾರೋ ಬೇರೆ ರಟ್ಟು ಕಟ್ಟಿಸಿರುವುದು ಜಾಸ್ತಿ. ಹೆಸರು ಕನ್ನಡ ಲಿಪಿಯಲ್ಲೂ ಇರಲಿ, ಇಂಗ್ಲಿಷ್ ಲಿಪಿಯಲ್ಲೂ ಇರಲಿ. ಹುಡುಕುವವರು ಎರಡರಲ್ಲೂ ಹುಡುಕುತ್ತಾರೆ, ಅಲ್ವಾ?

ಲೇಖಕರಿಗೆ ಕಾವ್ಯನಾಮ ಇದ್ದರೆ ಎರಡೂ ಹೆಸರು ಹಾಕಿ. ಪುಸ್ತಕದಲ್ಲಿ ‘ಕವಿಶಿಷ್ಯ’ ಎಂದಷ್ಟೇ ಇದ್ದರೆ, ಪಂಜೆ ಮಂಗೇಶರಾಯರು ಎಂದು ನೀವು ಸೇರಿಸದೆ ಪಂಜೆಯವರನ್ನು ಹುಡುಕುವವರಿಗೆ ಅದು ಸಿಗುವುದೇ ಇಲ್ಲ.

ಇನ್ನು ವರ್ಷ. ಶಾಲಿವಾಹನ ಶಕ ಕೊಟ್ಟಿದ್ದರೆ 78 ಕೂಡಿಸಿ. ಬರೀ ಸಂವತ್ಸರ ಇದ್ದರೆ ಎಚ್ಚರ, ಅದು 60 ವರ್ಷಕ್ಕೊಮ್ಮೆ ಮರಳಿ ಬರುತ್ತದೆ. ಶಾರ್ವರಿ ಅಂದರೆ 1900 ಆಗಬಹುದು, 1960 ಆಗಬಹುದು. ಆಗ ಬೆಲೆ ನೋಡಿ. ನಯೇ ಪೈಸೆ ಬಂದದ್ದು 1957ರ ಏಪ್ರಿಲ್‌ನಲ್ಲಿ. ಹಾಗಾಗಿ ‘50 ನ.ಪೈ.’ ಎಂದಿದ್ದರೆ 1960. ‘ಬೆಲೆ 8 ಆಣೆ’ ಎಂದಿದ್ದರೆ 1900 ಇರಬೇಕು, ‘ಸುಮಾರು’ ಎಂದು ಸೇರಿಸಿ. ‘ಎರಡನೆಯ ಮುದ್ರಣ’ ಎಂದಿದ್ದರೆ ಅದನ್ನೂ ಬರೆಯಿರಿ. ಪ್ರಕಾಶಕರು, ಅಚ್ಚಾದ ಪ್ರೆಸ್ಸು, ಊರು ಇವನ್ನೂ ಬಿಡಬೇಡಿ. ಹರಿದುಹೋದ ಪುಟಗಳ ಸಂಖ್ಯೆ ಮುಚ್ಚಿಡದೆ ಹೇಳಿ. ಆ ಪುಟ ಇನ್ನೊಬ್ಬರ ಮನೆಯ ಪ್ರತಿಯಲ್ಲಿ ಇರಬಹುದು.

5. ಅಪ್‌ಲೋಡ್ ಒತ್ತಿ. ಮರುದಿನ ಬೇರೆ ಫೋನಿನಲ್ಲಿ, ಲಾಗಿನ್ ಆಗದೆ, ಕನ್ನಡದಲ್ಲಿ ಹೆಸರು ಹಾಕಿ ಹುಡುಕಿ. ಸಿಗದಿದ್ದರೆ ನಾಲ್ಕನೆಯ ಹೆಜ್ಜೆಗೆ ವಾಪಸ್ ಹೋಗಿ. ಪುಸ್ತಕವನ್ನು ಮಾತ್ರ ರದ್ದಿಗೆ ಹಾಕಬೇಡಿ. ಹತ್ತಿಬಟ್ಟೆಯಲ್ಲಿ ಸುತ್ತಿ ಒಣಗಿದ ಜಾಗದಲ್ಲಿಡಿ. 37ನೇ ಪುಟ ಮಸುಕಾಗಿದೆ, ಇನ್ನೊಮ್ಮೆ ತೆಗೆದು ಕಳಿಸಿ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ.