ಕಮಾಂಡರ್ ಜೀಪಿನ ಮೀಟರಿಗೆ ಎಲ್‌ಇಡಿ: ನನ್ನ ಅನುಭವ

ಹೋದ ವಾರ ನಮ್ಮ ಸಾಲಿನ ಆಟೋ ಎಲೆಕ್ಟ್ರಿಷಿಯನ್ ಭಾಯ್ ಸಂಜೆ ಅಂಗಡಿಗೆ ಬಂದರು. ಜೀಪಿನಲ್ಲಿ ಕೂತು, ಚಾವಿ ತಿರುಗಿಸಿ, ಲೈಟ್ ಹಾಕಿ ಮೀಟರ್ ನೋಡಿದರು. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ "ಅಣ್ಣಾರ, ಗಾಡಿ ಚಾಲೂ ಮಾಡ್ರಿ, ಚಾರ್ಜ್ ನೋಡೂಣು" ಅಂದರು. ಮಲ್ಟಿಮೀಟರ್ ಅವರ ಕೈಗೇ ಕೊಟ್ಟೆ. 14.1 ವೋಲ್ಟ್, ಅಂದರೆ ಬ್ಯಾಟರಿ ಸರಿಯಾಗಿ ಚಾರ್ಜ್ ಆಗುತ್ತಿದೆ. ಮೀಟರಿನ ಬಲ್ಬ್ ತೆಗೆದು ಎಲ್‌ಇಡಿ ಹಾಕುತ್ತೇನೆ ಅಂದಾಗ ಇದೇ ಮನುಷ್ಯ ಮೂರು ತಿಂಗಳ ಹಿಂದೆ "ನಿಮ್ಮ ಮೋಟ್ರು ಬ್ಯಾರೆ, ನಮ್ಮ ಗಾಡಿ ಬ್ಯಾರೆ, ಸುಮ್ನ ಹತ್ತು ರೂಪಾಯಿ ಬಲ್ಬ್ ಹಾಕ್ಕೊಂಡು ಓಡಾಡ್ರಿ" ಅಂತ ನಾಲ್ಕು ಜನರ ಮುಂದೆ ನಕ್ಕಿದ್ದರು. ಅದಕ್ಕೇ ಇದನ್ನು ಬರೆಯೋಣ ಅನಿಸಿತು.

ನನ್ನದು ಗಂಗಾವತಿಯಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿ. ಜೀಪು 1998ರ ಮಹೀಂದ್ರಾ ಕಮಾಂಡರ್, ಡೀಸೆಲ್. ಕಾರಟಗಿ, ಕನಕಗಿರಿ ಕಡೆಯ ಹೊಲಗಳಿಂದ ಸುಟ್ಟ ಪಂಪ್‌ಸೆಟ್ ಹೊತ್ತು ತರೋದು, ರಿಪೇರಿ ಮಾಡಿ ವಾಪಸ್ ಇಳಿಸೋದು, ಇದೇ ಅದರ ಕೆಲಸ. ಭತ್ತಕ್ಕೆ ನೀರು ಬೇಕಾದ ಹೊತ್ತಿನಲ್ಲಿ ಪಂಪ್ ಸುಟ್ಟರೆ ರೈತ ಬೆಳಗಿನ ತನಕ ಕಾಯೋದಿಲ್ಲ, ರಾತ್ರಿ ಹನ್ನೊಂದಕ್ಕೂ ಫೋನ್ ಬರುತ್ತೆ. ಕಾಲುವೆ ದಂಡೆಯ ರಸ್ತೆ ಹೇಗಿರುತ್ತೆ ಅಂತ ನಿಮಗೆ ಗೊತ್ತು. ಆ ಕುಲುಕಾಟಕ್ಕೆ ಮೀಟರ್ ಬಲ್ಬಿನ ತಂತಿ ಎರಡು ತಿಂಗಳು ತಡೆಯುತ್ತಿರಲಿಲ್ಲ. ಹಾಕು, ಹೋಯ್ತು, ಹಾಕು, ಹೋಯ್ತು. ಕೊನೆಗೆ ಮೊಬೈಲ್ ಟಾರ್ಚ್ ಹಿಡಿದು ಡೀಸೆಲ್ ಮುಳ್ಳು ನೋಡುವ ಸ್ಥಿತಿ. ಚೆಂದ ಕಾಣಲಿ ಅಂತಲ್ಲ, ಬಲ್ಬ್ ಬದಲಾಯಿಸಿ ಸಾಕಾಗಿ ಎಲ್‌ಇಡಿಗೆ ಕೈ ಹಾಕಿದ್ದು.

ಮೀಟರಿನ ಬೆಳಕಿಗೆ ಒಟ್ಟು 5 ಬಲ್ಬ್. ಸ್ಪೀಡೋಮೀಟರಿಗೆ 2, ಡೀಸೆಲ್, ಟೆಂಪರೇಚರ್, ಆಯಿಲ್ ಮೀಟರಿಗೆ ಒಂದೊಂದು. ಅದರ ಮೇಲೆ ಚಾರ್ಜ್, ಇಂಡಿಕೇಟರ್, ಹೈಬೀಮ್ ದೀಪಗಳು. ನನಗಿಂತ ಮುಂಚಿನ ಓನರ್ ಆಯಿಲ್ ಮೀಟರನ್ನು ಯಾವುದೋ ಟ್ರ್ಯಾಕ್ಟರಿನದು ಕೂರಿಸಿದ್ದ. ಹಾಗಾಗಿ ಕೆಲವು ಒತ್ತಿ ತಿರುಗಿಸುವ ಬಲ್ಬ್, ಕೆಲವು ಸುಮ್ನೆ ತಳ್ಳಿ ಕೂರಿಸುವ ಟಿ10. ಎರಡೂ ತರಬೇಕಾಯಿತು.

ಮೊದಲು ಇಲ್ಲೇ ಪೇಟೆಯಲ್ಲಿ 20 ರೂಪಾಯಿಗೆ ಒಂದರಂತೆ 8 ತಂದೆ. ತುದಿಯಲ್ಲಿ ಒಂದೇ ಚುಕ್ಕೆ ಇರುವ, ಬೆಳ್ಳಗಿನ ಟ್ಯೂಬ್‌ಲೈಟ್ ಬಣ್ಣದವು. ಹಾಕಿ ಕತ್ತಲಲ್ಲಿ ನೋಡಿದರೆ ಸ್ಪೀಡೋಮೀಟರಿನಲ್ಲಿ 20ರ ಹತ್ತಿರ ಒಂದು ಸೂರ್ಯ, 80ರ ಹತ್ತಿರ ಇನ್ನೊಂದು ಸೂರ್ಯ, ನಡುವೆ ಅಮಾವಾಸ್ಯೆ. ಹಳೆ ಬಲ್ಬ್ ಸುತ್ತಲೂ ಬೆಳಕು ಚೆಲ್ಲುತ್ತೆ, ಡಬ್ಬಿಯ ಒಳಗಿನ ಬಿಳಿ ಬಣ್ಣಕ್ಕೆ ಬಡಿದು ಅದು ಡಯಲ್ ತುಂಬಾ ಹರಡುತ್ತೆ. ಇದು ಮೂಗಿನ ನೇರಕ್ಕೆ ಮಾತ್ರ ನೋಡುತ್ತೆ. ಸಾಲದ್ದಕ್ಕೆ ಜೀಪಿನ ನೆಟ್ಟನೆ ಗಾಜಿನಲ್ಲಿ ಮೀಟರೇ ಕಾಣತೊಡಗಿತು, ಎದುರಿನ ರಸ್ತೆ ಕಾಣಲ್ಲ. ಆ ರಾತ್ರಿ ಮೀಟರಿನ ಮೇಲೆ ಟವೆಲ್ ಹಾಕಿಕೊಂಡು ಮನೆಗೆ ಬಂದೆ. 160 ರೂಪಾಯಿ ನೀರಿಗೆ ಹೋಯಿತು.

ಎರಡನೇ ಸಲ ಆನ್‌ಲೈನಲ್ಲಿ ತರಿಸಿದೆ, 10ಕ್ಕೆ 350 ಇರಬೇಕು. ನಾಲ್ಕೂ ಪಕ್ಕಕ್ಕೆ ಚಿಪ್ ಇರುವವು, ಬಣ್ಣ ಹಳದಿ ಬೆರೆತ ಬಿಳಿ. ಇದು ಸರಿಯಾದ ದಾರಿ. ಹಾಕಿದ್ದರಲ್ಲಿ ಮೂರು ಉರಿಯಲಿಲ್ಲ. ಎಲ್‌ಇಡಿಗೆ ಪ್ಲಸ್ ಮೈನಸ್ ಸರಿಯಾಗಿ ಸಿಗಬೇಕು, ಉಲ್ಟಾ ಆದರೆ ಉರಿಯಲ್ಲ. ತಿರುಗಿಸಿ ಹಾಕಿದ ಮೇಲೂ ಒಂದು ಉರಿಯಲಿಲ್ಲ. ಕಾರಣ ಬಲ್ಬ್ ಅಲ್ಲ. ಟಿ10ರ ಕಾಲಿನ ತಂತಿ ಕೂದಲಿನಷ್ಟು ಸಣ್ಣದು, ಹಳೆ ಹೋಲ್ಡರಿನ ಕಿವಿ ಸಡಿಲವಾಗಿ ಅದನ್ನು ಹಿಡಿಯುತ್ತಿರಲಿಲ್ಲ. ಕಾಲಿಗೆ ತೆಳ್ಳಗೆ ಸೀಸ ಹಿಡಿಸಿ ದಪ್ಪ ಮಾಡಿದೆ. ಲೋಹದ ಹೋಲ್ಡರುಗಳಿಗೆ ಬಾಡಿಯೇ ಅರ್ಥ್, ಅಲ್ಲಿ ತುಕ್ಕು ಉಜ್ಜಿ ಬೇರೆ ಅರ್ಥ್ ವೈರ್ ಎಳೆದೆ. ಇದನ್ನು ಮಾಡದೆ "ಎಲ್‌ಇಡಿ ಮಿಣುಕುತ್ತೆ, ಬರೀ ಡೂಪ್ಲಿಕೇಟ್ ಮಾಲು" ಅಂತ ಬೈಯುವವರು ಬಹಳ ಜನ.

ಸ್ಪೀಡೋಮೀಟರ್ ಡಬ್ಬಿಯ ಒಳಗಿನ ಬಿಳಿ ಬಣ್ಣ 25 ವರ್ಷದ ಬಲ್ಬ್ ಶಾಖಕ್ಕೆ ಕಂದಾಗಿತ್ತು. ತೆಗೆದು ಮತ್ತೆ ಬಿಳಿ ಹೊಡೆದೆ, ಬೆಳಕು ಕಣ್ಣಿಗೆ ಕಾಣುವಷ್ಟು ಜಾಸ್ತಿ ಆಯಿತು. ಮೀಟರಿನ ಗಾಜನ್ನು ಹಿಡಿದಿರುವ, ಮಡಚಿ ಕೂರಿಸಿದ ರಿಂಗನ್ನು ಒಂದು ಗೀರೂ ಬೀಳದಂತೆ ಹೇಗೆ ಬಿಚ್ಚಿದೆ ಅನ್ನೋದು ಮಾತ್ರ ನನ್ನ ಹತ್ತಿರವೇ ಇರಲಿ. ಸ್ಕ್ರೂಡ್ರೈವರ್ ಅಲ್ಲ, ಅಷ್ಟು ಹೇಳಬಲ್ಲೆ.

ಅದೇ ಉಮೇದಿನಲ್ಲಿ ಮುಳ್ಳಿಗೂ ಕಿತ್ತಳೆ ಬಣ್ಣ ಹೊಡೆದೆ. ತಪ್ಪು ಮಾಡಿದೆ. ಬಣ್ಣದ ಭಾರಕ್ಕೆ ಮುಳ್ಳು ಸೊನ್ನೆಗೆ ಸರಿಯಾಗಿ ಇಳಿಯುತ್ತಿರಲಿಲ್ಲ, ಬ್ಯಾಲೆನ್ಸ್ ತಪ್ಪಿತ್ತು. ಬ್ಲೇಡಿನಲ್ಲಿ ಕೆರೆದು ತೆಗೆಯಲು ಅರ್ಧ ದಿನ ಹಿಡಿಯಿತು.

ಇನ್ನು ಮುಖ್ಯ ಕಥೆ. ಎಲ್ಲಾ ಉರಿದವು ಅಂತ ಖುಷಿಯಲ್ಲಿ ಚಾರ್ಜಿನ ಕೆಂಪು ದೀಪಕ್ಕೂ ಎಲ್‌ಇಡಿ ಹಾಕಿಬಿಟ್ಟೆ. ಚಾವಿ ಹಾಕಿದರೆ ಉರಿಯಿತು, ಗಾಡಿ ಚಾಲೂ ಆದ ಮೇಲೂ ಮಬ್ಬಾಗಿ ಉರಿಯುತ್ತಿತ್ತು. ಎಲ್‌ಇಡಿ ಅಲ್ವಾ, ಸ್ವಲ್ಪ ಲೀಕ್ ಕರೆಂಟಿಗೂ ಉರಿಯುತ್ತೆ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಹಳೆ ಡೀಸೆಲ್ ಗಾಡಿ, ಒಮ್ಮೆ ಚಾಲೂ ಆದರೆ ಬ್ಯಾಟರಿ ಇಲ್ಲದೆಯೂ ಓಡುತ್ತೆ. ಹಾಗಾಗಿ ಎರಡು ದಿನ ಏನೂ ಗೊತ್ತಾಗಲಿಲ್ಲ. ಮೂರನೇ ರಾತ್ರಿ ಸಿಂಧನೂರಿನಿಂದ ಬರುವಾಗ ಹೆಡ್‌ಲೈಟ್ ಲಾಟೀನಿನ ಹಾಗೆ ಕೆಂಪಗಾಯಿತು. ಬೆಳಗ್ಗೆ ಸೆಲ್ಫ್ ಹೊಡೆದರೆ ಟಕ್ ಅಂತ ಒಂದು ಸದ್ದು, ಅಷ್ಟೇ. ಗಾಡಿಯಲ್ಲಿ ಎರಡು ಸಬ್‌ಮರ್ಸಿಬಲ್ ಮೋಟಾರ್ ಬೇರೆ. ಅಳಿಯ, ಪಕ್ಕದ ಹೋಟೆಲಿನ ಹುಡುಗರು, ನಾನು ಸೇರಿ ತಳ್ಳಿದೆವು. ಭಾಯ್ ತಮ್ಮ ಅಂಗಡಿ ಬಾಗಿಲಲ್ಲಿ ಕೂತು ಚಹಾ ಕುಡಿಯುತ್ತಾ ನೋಡುತ್ತಿದ್ದರು. ಏನೂ ಅನ್ನಲಿಲ್ಲ, ಅದೇ ಜಾಸ್ತಿ ಉರಿಯಿತು.

ಬ್ಯಾಟರಿ ಚಾರ್ಜಿಗೆ 100 ರೂಪಾಯಿ. ಆಮೇಲೆ ಬೇರೆ ಕಡೆ ಒಬ್ಬರ ಹತ್ತಿರ ಡೈನಮೋ (ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರಿಗೆ ನಾವು ಹೇಳೋದು ಹೀಗೆ) ಬಿಚ್ಚಿಸಿದೆ, ಅವರು ಕಟೌಟ್ (ವೋಲ್ಟೇಜ್ ಹತೋಟಿಯಲ್ಲಿಡುವ ರೆಗ್ಯುಲೇಟರ್) ಹೋಗಿದೆ ಅಂತ ಬದಲಾಯಿಸಿ, ಬ್ರಷ್ ಹಾಕಿ 900 ತೆಗೆದುಕೊಂಡರು. ಅವರ ಅಂಗಡಿಯಲ್ಲಿ ಜೋರಾಗಿ ರೇಸ್ ಕೊಟ್ಟು ತೋರಿಸಿದರು, 14 ಬಂತು. ಮನೆಗೆ ಬಂದು ಮೆಲ್ಲಗೆ ಚಾಲೂ ಮಾಡಿ ನೋಡಿದರೆ ಮತ್ತೆ 12.1. ಜೋರಾಗಿ ರೇಸ್ ಕೊಟ್ಟರೆ ಹಿಡಿಯುತ್ತೆ, ಇಲ್ಲವಾದರೆ ಇಲ್ಲ. ಆಗ ತಲೆಗೆ ಹೊಳೆಯಿತು. ದಿನಾ ಮೋಟಾರ್ ಸುತ್ತುವವನಿಗೆ ಇದು ಮೊದಲೇ ಹೊಳೆಯಬೇಕಿತ್ತು, ನಾಚಿಕೆ ಆಯಿತು.

ಈ ಹಳೆ ಡೈನಮೋಗಳಲ್ಲಿ ಶುರುವಿಗೆ ಒಳಗಿನ ರೋಟರಿಗೆ ಅಯಸ್ಕಾಂತ ಶಕ್ತಿ ಬರೋದು ಆ ಕೆಂಪು ಬಲ್ಬಿನ ಮೂಲಕ ಹರಿಯುವ ಕರೆಂಟಿನಿಂದಲೇ. 2 ವ್ಯಾಟ್ ಬಲ್ಬ್ ಅಂದರೆ ಸುಮಾರು 160, 170 ಮಿಲಿಆಂಪ್ ಬಿಡುತ್ತೆ. ನನ್ನ ಎಲ್‌ಇಡಿ ಬಿಟ್ಟಿದ್ದು 15 ಇದ್ದಿರಬಹುದು. ಅಷ್ಟಕ್ಕೆ ರೋಟರ್ ಏಳಲ್ಲ. ಜೋರಾಗಿ ತಿರುಗಿಸಿದಾಗ ಉಳಿಕೆ ಅಯಸ್ಕಾಂತದ ಬಲದ ಮೇಲೆ ತಾನೇ ಎದ್ದುಕೊಳ್ಳುತ್ತಿತ್ತು. ಅಂದರೆ ಕಟೌಟ್ ಹೋಗಿರಲೇ ಇಲ್ಲ, 900 ಸುಮ್ನೆ ದಂಡ.

ಹಳೆ ಬಲ್ಬಿನಷ್ಟೇ ಕರೆಂಟ್ ಹರಿಯಲಿ ಅಂತ ಎಲ್‌ಇಡಿಗೆ ಜೊತೆಯಾಗಿ ಪ್ಯಾರಲಲ್‌ನಲ್ಲಿ ಒಂದು ರೆಸಿಸ್ಟರ್ ಹಾಕಿದರೆ ಆಯಿತು ಅಂದುಕೊಂಡೆ. ಎಷ್ಟು ಓಮ್? ಇಲ್ಲಿ ಇನ್ನೊಂದು ಎಡವಟ್ಟು. ಹಳೆ ಬಲ್ಬನ್ನು ಮಲ್ಟಿಮೀಟರಿನಲ್ಲಿ ಅಳೆದೆ, 7, 8 ಓಮ್ ತೋರಿಸಿತು. ಅಂಗಡಿಯಲ್ಲಿ 10 ಓಮ್ 5 ವ್ಯಾಟಿನದು ಬಿದ್ದಿತ್ತು, ಅದನ್ನೇ ಹಾಕಿದೆ. ಚಾವಿ ಹಾಕಿ, ಗಿರಾಕಿ ಬಂದರು ಅಂತ ಮಾತಾಡುತ್ತಾ ನಿಂತೆ. ಐದು ನಿಮಿಷಕ್ಕೆ ಸುಟ್ಟ ವಾಸನೆ. ಟೇಪ್ ಕರಗಿ ಪಕ್ಕದ ವೈರಿಗೆ ಅಂಟಿತ್ತು. ಬಲ್ಬಿನ ತಂತಿ ತಣ್ಣಗಿದ್ದಾಗ ಓಮ್ ಕಮ್ಮಿ, ಕಾದಾಗ ಅದರ ಸುಮಾರು ಹತ್ತು ಪಟ್ಟು. ಕಾದಾಗಿನ ಲೆಕ್ಕ ಹಿಡಿದರೆ 12 ಗುಣಿಸು 12 ಭಾಗಿಸು 2, ಅಂದರೆ 72 ಓಮ್. ಸಿಗೋದು 68. ಅದನ್ನೇ 5 ವ್ಯಾಟಿನದು ತಂದೆ, ಬೆಲೆ 8 ರೂಪಾಯಿ. ಚಾವಿ ಹಾಕಿ ಗಾಡಿ ಚಾಲೂ ಮಾಡದೆ ಬಿಟ್ಟರೆ ಇದೂ 2 ವ್ಯಾಟ್ ಹತ್ತಿರ ಕಾಯುತ್ತೆ, ಬೆರಳು ಇಡಲಾಗಲ್ಲ. ವೈರಿನ ಗೊಂಚಲಿನೊಳಗೆ ತುರುಕಬೇಡಿ, ಡ್ಯಾಶ್‌ಬೋರ್ಡಿನ ತಗಡಿಗೆ ಕ್ಲಿಪ್ ಹಾಕಿ ಕೂರಿಸಿ.

ಮೆಲ್ಲಗೆ ಚಾಲೂ ಮಾಡಿದರೂ 14.1. ಆ ಮಬ್ಬು ಬೆಳಕೂ ಹೋಯಿತು. 8 ರೂಪಾಯಿಯ ಕೆಲಸಕ್ಕೆ ಸಾವಿರದ ಮೇಲೆ ಕಳೆದೆ, ಹೋಗಲಿ ಬಿಡಿ.

ಇಂಡಿಕೇಟರಿನದು ಬೇರೆ ತಮಾಷೆ. ನನ್ನ ಜೀಪಿನಲ್ಲಿ ಎಡಕ್ಕೂ ಬಲಕ್ಕೂ ಒಂದೇ ಹಸಿರು ದೀಪ. ಎಲ್‌ಇಡಿ ಹಾಕಿದ ಮೇಲೆ ಎಡಕ್ಕೆ ಮಿನುಗುತ್ತೆ, ಬಲಕ್ಕೆ ಇಲ್ಲ. ತಿರುಗಿಸಿ ಹಾಕಿದರೆ ಬಲಕ್ಕೆ ಮಿನುಗುತ್ತೆ, ಎಡಕ್ಕೆ ಇಲ್ಲ. ಆ ಬಲ್ಬಿಗೆ ಅರ್ಥ್ ಅಂತ ಬೇರೆ ಇಲ್ಲ, ಒಂದು ತುದಿ ಎಡಗಡೆ ವೈರಿಗೆ, ಇನ್ನೊಂದು ಬಲಗಡೆಗೆ. ಎಡ ಹಾಕಿದಾಗ ಬಲಗಡೆ ಬಲ್ಬುಗಳ ಮೂಲಕ ಅರ್ಥ್ ಸಿಗುತ್ತೆ, ಬಲ ಹಾಕಿದಾಗ ಉಲ್ಟಾ. 1ಎನ್4007 ಡಯೋಡ್ ನಾಲ್ಕು ತಂದು ಬ್ರಿಡ್ಜ್ ಕಟ್ಟಿದೆ, ಯಾವ ಕಡೆಯಿಂದ ಬಂದರೂ ಎಲ್‌ಇಡಿಗೆ ನೆಟ್ಟಗೆ ಹೋಗುತ್ತೆ. ಹತ್ತು ರೂಪಾಯಿಯೊಳಗೆ ಮುಗಿಯಿತು. ಇದನ್ನು ಒಂದೇ ಸಲಕ್ಕೆ ಕಂಡುಹಿಡಿದೆ, ಯಾರನ್ನೂ ಕೇಳಲಿಲ್ಲ, ಅಷ್ಟು ಹೇಳಿಕೊಳ್ಳಲು ಬಿಡಿ.

ಹೈಬೀಮಿನ ನೀಲಿ ಕಣ್ಣು ಕುಕ್ಕುತ್ತಿತ್ತು, ಮಂಕು ಮಾಡಿದೆ. ಮಂಕು ಮಾಡಲು ಬಳಸಿದ್ದು ಮನೆಯಲ್ಲೇ ಇರುವ ಒಂದು ವಸ್ತು. ನಮ್ಮಾಕೆ ಎರಡು ದಿನ ಹುಡುಕಿದಳು, ನಾನೂ ಹೇಳಿಲ್ಲ, ಇಲ್ಲಿಯೂ ಹೇಳಲ್ಲ.

ಬೆಳಕು ಕಮ್ಮಿ ಜಾಸ್ತಿ ಮಾಡಲು ಒಂದು ಹಳೆ ತಂತಿ ಸುತ್ತಿದ ರೆಗ್ಯುಲೇಟರ್ ಹಾಕಿ ನೋಡಿದೆ. ಹಳೆ ಬಲ್ಬ್ ಆಗಿದ್ದರೆ ಒಟ್ಟು ಮುಕ್ಕಾಲು ಆಂಪ್ ಮೇಲೆ ಎಳೆಯುತ್ತಿತ್ತು, ಈಗ ಐದೂ ಸೇರಿ 0.1 ಆಂಪ್. ಅಷ್ಟು ಸಣ್ಣ ಕರೆಂಟಿಗೆ ಆ ತಂತಿ ಲೆಕ್ಕಕ್ಕೇ ಇಲ್ಲ, ಪೂರಾ ತಿರುಗಿಸಿದರೂ ಬೆಳಕು ಹಾಗೇ. ಡಿಸಿ ಮೋಟಾರಿನ ಸ್ಪೀಡ್ ಕಮ್ಮಿ ಮಾಡುವ ಚಿಕ್ಕ ಬೋರ್ಡ್ 80 ರೂಪಾಯಿಗೆ ತಂದು ಹಾಕಿದೆ, ಬೆಳಕು ಬೆಣ್ಣೆಯ ಹಾಗೆ ಇಳಿಯಿತು. ಆದರೆ ರೇಡಿಯೋದಲ್ಲಿ ಹೊಸಪೇಟೆ ಆಕಾಶವಾಣಿ ಹಚ್ಚಿದರೆ ಹಾಡಿನ ಹಿಂದೆ ಜೇನುಹುಳ ಗುಂಯ್ ಅನ್ನುತ್ತಿತ್ತು. ನನಗೆ ಹಾಡು ಮುಖ್ಯ, ಬೋರ್ಡ್ ಕಿತ್ತೆ. ಈಗ ಒಂದು ರೆಸಿಸ್ಟರ್ ಹಾಕಿ ಒಂದೇ ಬೆಳಕಿಗೆ ನಿಲ್ಲಿಸಿದ್ದೇನೆ.

ಉಳಿದ ಎರಡು ಎಲ್‌ಇಡಿಯನ್ನು ಅಳಿಯನ ಹಳೆ ಸ್ಪ್ಲೆಂಡರ್ ಮೀಟರಿಗೆ ಹಾಕಿದೆವು. ಅದರಲ್ಲಿ ಮೀಟರ್ ಲೈಟ್ ಬ್ಯಾಟರಿಯಿಂದ ಬರಲ್ಲ, ಎಂಜಿನ್ನಿನ ಮ್ಯಾಗ್ನೆಟ್ ಕಾಯಿಲಿನ ಎಸಿ ಕರೆಂಟಿನಲ್ಲಿ ಉರಿಯುತ್ತೆ. ಗಾಡಿ ನಿಂತಲ್ಲೇ ಓಡುವಾಗ ಮೀಟರ್ ಜಾತ್ರೆ ದೀಪದಂತೆ ಮಿಣ ಮಿಣ. ಅವನಿಗೆ ಅದೇ ಇಷ್ಟವಾಗಿದೆ, ತೆಗೆಯಲು ಬಿಡುತ್ತಿಲ್ಲ.

ಖರ್ಚಿನ ಲೆಕ್ಕ ಬರೆದಿಟ್ಟಿಲ್ಲ. ನೆನಪಿದ್ದಷ್ಟು ಹೇಳಿದರೆ ಪೇಟೆ ಬಲ್ಬ್, ಆನ್‌ಲೈನ್ ಬಲ್ಬ್, ಬಣ್ಣ, ಬೋರ್ಡ್, ಬ್ಯಾಟರಿ ಚಾರ್ಜ್, ಡೈನಮೋ ದಂಡ ಎಲ್ಲಾ ಸೇರಿ 1,800ರ ಹತ್ತಿರ. ದಾರಿ ಗೊತ್ತಿದ್ದವನಿಗೆ 450 ಸಾಕು. ಮೇ ತಿಂಗಳ ಬಿಸಿಲಿನಲ್ಲಿ ಜೀಪು ದಿನಪೂರ್ತಿ ಬಯಲಲ್ಲೇ ನಿಂತಿತ್ತು, ಒಂದೂ ಹೋಗಿಲ್ಲ. ಟೆಂಪರೇಚರ್ ಮೀಟರಿನ ಹೋಲ್ಡರ್ ಹಳೆ ಬಲ್ಬ್ ಶಾಖಕ್ಕೆ ಕರಗಿ ಸೊಟ್ಟ ಆಗಿತ್ತು, ಅಲ್ಲಿ ಮಾತ್ರ ಎಲ್‌ಇಡಿ ಸ್ವಲ್ಪ ವಾಲಿ ಕೂತಿದೆ. ಹೋಲ್ಡರ್ ಸಿಕ್ಕಿದರೆ ಬದಲಾಯಿಸಬೇಕು, ಗುಜರಿಯಲ್ಲಿ ಹುಡುಕುತ್ತಿದ್ದೇನೆ.

ಮೊನ್ನೆ ಭಾಯ್ ತಮ್ಮ ಗಿರಾಕಿಯ ಒಂದು ಹಳೆ ಜೀಪ್ ಕಳಿಸಿದರು, ಮೀಟರ್ ಕೆಲಸಕ್ಕೆ. 600 ಹೇಳಿದೆ, 500ಕ್ಕೆ ಒಪ್ಪಿದರು. ಸಂಜೆ ತಾವೇ ಬಂದು ಪಕ್ಕದಲ್ಲಿ ಸ್ಟೂಲ್ ಹಾಕಿ ಕೂತರು. "ಅಣ್ಣಾರ, ಆ ಸ್ಪೀಡೋಮೀಟರ್ ರಿಂಗ್ ಹೆಂಗ್ ತಗದ್ರಿ, ಅದೊಂದು ಹೇಳ್ರಿ" ಅಂದರು. ಎರಡು ಚಹಾ ತರಲು ಹುಡುಗನಿಗೆ ಹೇಳಿ, ಅವರು ಎದ್ದು ಹೋಗುವ ತನಕ ಬೇರೆ ಮೋಟಾರ್ ಸುತ್ತುತ್ತಾ ಕೂತೆ.