ಬ್ರಿಟನ್‌ನಲ್ಲಿ ಅಂಗಡಿ ಇಟ್ಟವರಿಗೆ: ರಾಜೋತ್ಸವಕ್ಕೆ ಬಾವುಟ ಕಟ್ಟುವ ಮುನ್ನ

2023ರ ಮೇ 6ರಂದು, ಮೂರನೆಯ ಚಾರ್ಲ್ಸ್ ಪಟ್ಟಾಭಿಷೇಕಕ್ಕೆಂದು ಅಂಗಡಿಯ ಮುಂದೆ ಕಾಗದದ ಬಂಟಿಂಗ್, ಅಂದರೆ ಪುಟ್ಟ ಬಾವುಟಗಳ ಮಾಲೆ, ಕಟ್ಟಿದ್ದೆ. ಊರಿನ ತೇರಿಗೆ ಬಣ್ಣದ ಕಾಗದ ಅಂಟಿಸಿ ಬೆಳೆದವನು, ಇದೇನು ಮಹಾ ಎಂದುಕೊಂಡೆ. ಮಳೆ ಹಿಡಿಯಿತು. ಮಧ್ಯಾಹ್ನದ ಹೊತ್ತಿಗೆ ಬಿಳಿ ಕಿಟಕಿಯ ಚೌಕಟ್ಟಿನ ಮೇಲೆ ಕೆಂಪು ಬಣ್ಣ ಕುಂಕುಮದ ನೀರಿನಂತೆ ಇಳಿದಿತ್ತು. ಆದ್ದರಿಂದ ಬಟ್ಟೆಯದನ್ನೇ ಕೊಳ್ಳಿ. ಇಸವಿ, ರಾಜನ ಮುಖ ಅಚ್ಚಾಗಿರದಿದ್ದರೆ ಇನ್ನೂ ಒಳ್ಳೆಯದು. 2022ರಲ್ಲಿ ರಾಣಿ ಎಲಿಜಬೆತ್ ಪಟ್ಟಕ್ಕೆ ಬಂದು ಎಪ್ಪತ್ತು ವರ್ಷವಾದ ಪ್ಲಾಟಿನಂ ಜೂಬಿಲಿಗೆ ತಂದ ಸಾದಾ ಬಾವುಟಗಳನ್ನೇ ಪಕ್ಕದ ಬೇಕರಿಯವರು ಮರುವರ್ಷವೂ ಕಟ್ಟಿದರು.

ದೊಡ್ಡ ಬಾವುಟ ಏರಿಸುವವರು ಗಮನಿಸಿ: ಬ್ರಿಟನ್‌ನ ರಾಷ್ಟ್ರಧ್ವಜ ಯೂನಿಯನ್ ಜ್ಯಾಕ್‌ಗೆ ಮೇಲು ಕೆಳಗು ಉಂಟು. ಕಂಬದ ಕಡೆಯ ಅರ್ಧದಲ್ಲಿ, ಓರೆಯಾದ ಕೆಂಪು ಪಟ್ಟಿಯ ಮೇಲ್ಗಡೆ ಅಗಲವಾದ ಬಿಳಿ ಪಟ್ಟಿ ಬರಬೇಕು. ತಲೆಕೆಳಗಾದರೆ ಅದು ಅಪಾಯದಲ್ಲಿರುವವರ ಸಂಕೇತ. ನನ್ನದನ್ನು ಎದುರು ಮನೆಯ ಅಜ್ಜಿ ನಗುತ್ತಲೇ ತಿದ್ದಿಸಿದರು.

ರಸ್ತೆಗೆ ಅಡ್ಡಲಾಗಿ ಅಥವಾ ಬೀದಿದೀಪದ ಕಂಬಕ್ಕೆ ಕಟ್ಟುವುದಾದರೆ ಸ್ಥಳೀಯ ಕೌನ್ಸಿಲ್ ಅನುಮತಿ ಬೇಕು. ಹಲವು ವಾರ ಮೊದಲೇ ಕೇಳಿ. ಹಗ್ಗವನ್ನು ತಂತಿಯಂತೆ ಬಿಗಿಯಬೇಡಿ, ಗಾಳಿಗೆ ಕೊಕ್ಕೆಯೇ ಕಿತ್ತು ಬರುತ್ತದೆ.