ಟಬ್‌ಮನ್ ಸ್ಟಾಂಪು ಬಿಡಿಸುವ ಬಗೆ

ಹಳೇ ಲಕೋಟೆಯ ಮೇಲೆ ಹ್ಯಾರಿಯೆಟ್ ಟಬ್‌ಮನ್ ಸ್ಟಾಂಪು ಸಿಕ್ಕಿತಾ? ಉಗುರು ಹಾಕಬೇಡಿ. ನಾನು ಹಾಗೆ ಕೀಳಲು ಹೋಗಿ ಒಂದರ ಮೂಲೆ ಹರಿದುಕೊಂಡಿದ್ದೇನೆ. ಅಮೆರಿಕ 1978ರಲ್ಲಿ ತಂದ 13 ಸೆಂಟಿನ ಸ್ಟಾಂಪು ಇದು. ಟಬ್‌ಮನ್ ಅಂದರೆ, ಗುಲಾಮಗಿರಿಯಿಂದ ತಾನು ತಪ್ಪಿಸಿಕೊಂಡ ಮೇಲೂ ಮತ್ತೆ ಮತ್ತೆ ಅಮೆರಿಕದ ಮೇರಿಲ್ಯಾಂಡ್ ರಾಜ್ಯಕ್ಕೆ ಹೋಗಿ ಸುಮಾರು 70 ಜನರನ್ನು ಬಿಡಿಸಿ ತಂದಾಕೆ. ಸ್ಟಾಂಪಿನಲ್ಲಿ ಆಕೆಯ ಮುಖದ ಜೊತೆ ಜನ ಕೂತ ಗಾಡಿಯೂ ಇದೆ, ನೋಡಿ.

ಸ್ಟಾಂಪಿನ ಸುತ್ತ ಒಂದು ಬೆರಳಷ್ಟು ಬಿಟ್ಟು ಲಕೋಟೆ ಕತ್ತರಿಸಿ. ತಟ್ಟೆಯಲ್ಲಿ ತಣ್ಣೀರು ಹಾಕಿ, ಮುಖ ಮೇಲಾಗಿ ತೇಲಿಬಿಡಿ. ಅರ್ಧ ಗಂಟೆಯಲ್ಲಿ ತಾನೇ ಜಾರುತ್ತದೆ. ಜಾರದಿದ್ದರೆ ಕಾಯಿರಿ, ಸುಮ್ನೆ ಎಳೆಯಬೇಡಿ. ಹಿಂಬದಿ ಇನ್ನೂ ಲೋಳೆ ಅನ್ನಿಸಿದರೆ ಇನ್ನೊಮ್ಮೆ ನೀರಿಗೆ. ಬಿಳಿ ಹಾಳೆ ಮೇಲೆ ಬೋರಲು ಹಾಕಿ ಒಣಗಿಸಿ; ನ್ಯೂಸ್‌ಪೇಪರ್ ಮೇಲೆ ಬೇಡ, ಮಸಿ ಹತ್ತುತ್ತದೆ.

ಅಂಚೆ ಮುದ್ರೆಯಲ್ಲಿ 1978 ಫೆಬ್ರವರಿ 1 ಅಂತ ಇದ್ದರೆ ಮಾತ್ರ ಬಿಡಿಸಲೇಬೇಡಿ. ಅದು ಸ್ಟಾಂಪು ಹೊರಬಂದ ಮೊದಲ ದಿನದ ಲಕೋಟೆ, ಇಡಿಯಾಗಿಯೇ ಇಟ್ಟುಕೊಳ್ಳಿ!